ಹೇಳಿದವರ ಹೆಸರು: ಇಸ್ನಾದಿನಿಂದ ಅಡಿಟಿಪ್ಪಣಿಯವರೆಗೆ

ಮದ್ರಸದ ಅಧ್ಯಯನ ಮುಗಿಸಿ ಕಾಲೇಜು ಸೇರುವ ನಮ್ಮ ಮಕ್ಕಳಿಗೆ ಅಲ್ಲಿ ಸಂಶೋಧನಾ ಪ್ರಬಂಧ ಬರೆಯಲು ಹೇಳಿದಾಗ ಅಧ್ಯಾಪಕರು ಒಂದು ನಿಬಂಧನೆಯನ್ನು ವಿಧಿಸುತ್ತಾರೆ. ಪ್ರತಿಯೊಂದು ಮಾತಿಗೂ ಆಕರ ತೋರಿಸಬೇಕು. ಯಾರ ಗ್ರಂಥ, ಯಾವ ಮುದ್ರಣ, ಎಷ್ಟನೆಯ ಪುಟ ಎಂಬುದನ್ನು ನಮೂದಿಸಬೇಕು. ಮಕ್ಕಳಿಗೆ ಇದು ಹೊರಗಿನಿಂದ ಬಂದ ಕಟ್ಟಳೆಯಂತೆ ತೋರುತ್ತದೆ. ಆದರೆ ಅವರು ಮದ್ರಸದಲ್ಲಿ ಓದಿದ ಹದೀಸ್ ಗ್ರಂಥಗಳ ಪುಟಪುಟದಲ್ಲಿಯೂ ಇದ್ದುದು ಇದೇ ಕಟ್ಟಳೆ. 'ಹದ್ದಸನಾ' ಎಂದು ಆರಂಭವಾಗುವ ಆ ಹೆಸರುಗಳ ಸರಪಣಿಯನ್ನು ನಾವು ಅವಸರದಲ್ಲಿ ಓದಿ ಮುಗಿಸಿ, ಹದೀಸಿನ ಮೂಲಪಾಠಕ್ಕೆ ಧಾವಿಸುತ್ತೇವೆ. ಆ ಸರಪಣಿಯ ಚರಿತ್ರೆಯನ್ನು ಒಮ್ಮೆ ನಿಂತು ನೋಡುವುದು ಉಚಿತ.

ಆರಂಭದಲ್ಲಿ ಯಾರೂ ಸನದನ್ನು ಕೇಳುತ್ತಿರಲಿಲ್ಲ. ಸಮುದಾಯದಲ್ಲಿ ಫಿತ್ನ ತಲೆದೋರಿದ ಬಳಿಕವೇ 'ನಿಮಗೆ ಇದನ್ನು ತಿಳಿಸಿದವರ ಹೆಸರು ಹೇಳಿ' ಎಂದು ಕೇಳತೊಡಗಿದರು ಎಂಬ ಅರ್ಥದ ಮಾತನ್ನು ಬಸರಾದ ತಾಬಿಈ ಇಬ್ನು ಸೀರೀನ್(ರ) ಹೇಳಿದ್ದಾರೆ. ಅವರು ನಿಧನರಾದದ್ದು ಹಿಜರಿ 110ರಲ್ಲಿ. ಇಮಾಮ್ ಮುಸ್ಲಿಮ್(ರ) ತಮ್ಮ ಸಹೀಹಿನ ಪೀಠಿಕೆಯಲ್ಲಿ ಈ ಮಾತನ್ನು ದಾಖಲಿಸಿದ್ದಾರೆ. ಅಬ್ದುಲ್ಲಾ ಇಬ್ನು ಮುಬಾರಕ್(ರ) ಸನದನ್ನು ಧರ್ಮದ ಭಾಗವೆಂದೇ ಪರಿಗಣಿಸಿದರೆಂಬುದೂ ಅದೇ ಪೀಠಿಕೆಯಲ್ಲಿದೆ. ಅದಿಲ್ಲವಾದರೆ ಯಾರು ಬೇಕಾದರೂ ಏನು ಬೇಕಾದರೂ ಹೇಳಿಬಿಡುತ್ತಿದ್ದರು ಎಂಬುದು ಅವರ ಆತಂಕವಾಗಿತ್ತು. ಅಂದರೆ, ಮೂಲವನ್ನು ಹೆಸರಿಸುವ ಪದ್ಧತಿ ಪಾಂಡಿತ್ಯದ ಅಲಂಕಾರವಾಗಿ ಹುಟ್ಟಿದ್ದಲ್ಲ. ಸುಳ್ಳು ಹರಡುವ ಕಾಲದಲ್ಲಿ ಸತ್ಯವನ್ನು ಕಾಯುವ ಬೇಲಿಯಾಗಿ ಅದು ಹುಟ್ಟಿತು.

ಅದಕ್ಕೂ ಮೊದಲೇ ಸಹಾಬಿಗಳು ಮೂಲವನ್ನು ಅರಸಿ ಹೋದದ್ದುಂಟು. ಜಾಬಿರ್ ಬಿನ್ ಅಬ್ದುಲ್ಲಾ(ರ)ರವರು ಅಬ್ದುಲ್ಲಾ ಬಿನ್ ಉನೈಸ್(ರ)ರಿಂದ ಒಂದೇ ಒಂದು ಹದೀಸನ್ನು ಕೇಳಿ ತಿಳಿಯಲು ಒಂದು ತಿಂಗಳ ದಾರಿ ಸಾಗಿದರೆಂದು ಇಮಾಮ್ ಬುಖಾರಿ(ರ) ವಿದ್ಯೆಯ ಅಧ್ಯಾಯದಲ್ಲಿ ಉಲ್ಲೇಖಿಸುತ್ತಾರೆ. ಆ ಹದೀಸು ಅವರ ಕಿವಿಗೆ ಮೊದಲೇ ಬಿದ್ದಿತ್ತು. ಆದರೆ ಅದು ಬೇರೊಬ್ಬರ ಬಾಯಿಂದ ಬಂದದ್ದು. ಪ್ರವಾದಿ(ಸ)ರಿಂದ ನೇರವಾಗಿ ಕೇಳಿದವರು ಬದುಕಿರುವಾಗ ನಡುವಿನ ಬಾಯಿಯನ್ನೇ ನೆಚ್ಚಿ ಕೂರಲು ಅವರಿಗೆ ಮನಸ್ಸಾಗಲಿಲ್ಲ. ಅದಕ್ಕಾಗಿ ಒಂದು ಒಂಟೆಯನ್ನೇ ಖರೀದಿಸಿ ಶಾಮಿನ ಕಡೆ ಹೊರಟರು.

ಹದೀಸ್ ವಿದ್ವಾಂಸರು ಹೆಸರು ಹೇಳಿದರೆ ಸಾಕೆಂದು ಬಿಡಲಿಲ್ಲ. ಯಾವ ರೀತಿಯಲ್ಲಿ ಪಡೆದಿರಿ ಎಂಬುದನ್ನೂ ಕೇಳಿದರು. ಗುರುವಿನ ಬಾಯಿಂದ ಕೇಳಿದ್ದರೆ ಒಂದು ಪದ, ಗುರುವಿನ ಮುಂದೆ ಶಿಷ್ಯನೇ ಓದಿ ಒಪ್ಪಿಸಿದ್ದರೆ ಇನ್ನೊಂದು ಪದ, ಕೇವಲ 'ಇಂಥವರಿಂದ' ಎಂಬರ್ಥದ 'ಅನ್' ಎಂಬುದಾದರೆ ಸಂದೇಹಕ್ಕೆ ಎಡೆ. ತಾನು ನೇರವಾಗಿ ಕೇಳದ ಮಾತನ್ನು, ಮಧ್ಯದವನ ಹೆಸರು ನುಂಗಿ, ಕೇಳಿದಂತೆ ಭಾಸವಾಗುವ ಹಾಗೆ ಹೇಳುವುದಕ್ಕೆ 'ತದ್‌ಲೀಸ್' ಎಂದು ಹೆಸರಿಟ್ಟರು. ಗಮನಿಸಬೇಕು: ಇಲ್ಲಿ ಸುಳ್ಳಾದ ಒಂದು ಪದವೂ ಇರುವುದಿಲ್ಲ. ಆದರೂ ಶುಅಬಾ ಬಿನ್ ಹಜ್ಜಾಜ್(ರ) ಅದನ್ನು ಸುಳ್ಳಿನ ಒಡಹುಟ್ಟು ಎಂದೇ ಭಾವಿಸಿದ್ದರು. ಅವರು ತಮ್ಮ ಗುರು ಕತಾದ(ರ)ರ ಮುಂದೆ ಕುಳಿತು ಅವರ ಬಾಯಿಯನ್ನೇ ದಿಟ್ಟಿಸುತ್ತಿದ್ದರಂತೆ. 'ನನಗೆ ತಿಳಿಸಿದರು' ಎಂಬ ಪದ ಬಂದರೆ ಬರೆದುಕೊಳ್ಳುವುದು, ಬಾರದಿದ್ದರೆ ಬಿಟ್ಟುಬಿಡುವುದು. ಅಷ್ಟು ದೊಡ್ಡ ಗುರುವಿಗೂ ರಿಯಾಯಿತಿ ಇರಲಿಲ್ಲ.

ಸುಹೈಲ್ ಬಿನ್ ಅಬೀ ಸಾಲಿಹ್(ರ)ರ ಪ್ರಸಂಗವಂತೂ ಇನ್ನಷ್ಟು ಸೋಜಿಗದ್ದು. ಅವರು ತಮ್ಮ ತಂದೆಯಿಂದ ಪಡೆದ ಒಂದು ಹದೀಸನ್ನು ಮದೀನಾದ ರಬೀಅ(ರ)ರಿಗೆ ತಿಳಿಸಿದ್ದರು. ಆ ಬಳಿಕ ಕಾಯಿಲೆಯೊಂದರಿಂದ ಅವರ ನೆನಪು ಕುಂದಿತು. ಆ ಹದೀಸೇ ಮರೆತುಹೋಯಿತು. ಯಾರೋ ನೆನಪಿಸಿದಾಗ ಅವರು 'ಹೌದು, ಅದು ನನ್ನದೇ' ಎಂದು ಸುಮ್ಮನೆ ಒಪ್ಪಿಕೊಳ್ಳಬಹುದಿತ್ತು. ಆದರೆ ಅಂದಿನಿಂದ ಅವರು ಅದನ್ನು ವರದಿ ಮಾಡುವಾಗ, ತಮ್ಮ ದೃಷ್ಟಿಯಲ್ಲಿ ವಿಶ್ವಾಸಾರ್ಹರಾದ ರಬೀಅ ತಮಗೆ ತಿಳಿಸಿದರೆಂದೂ, ರಬೀಅರಿಗೆ ಅದನ್ನು ಹೇಳಿದವರು ತಾವೇ ಎಂದೂ ಸರಪಣಿ ಕಟ್ಟಿ ಹೇಳುತ್ತಿದ್ದರು. ತನ್ನ ಮಾತಿಗೆ ತನ್ನ ಶಿಷ್ಯನನ್ನೇ ಆಕರವಾಗಿ ತೋರಿಸಿದ ಇಂತಹ ಉದಾಹರಣೆಯನ್ನು ನಾವು ಬೇರೆ ಕಡೆ ಕಂಡಿಲ್ಲ.

ಗ್ರಂಥಗಳು ಹೆಚ್ಚಿದಂತೆ ಬಾಯಿಮಾತಿನ ಜಾಗಕ್ಕೆ ಲಿಖಿತ ಆಕರ ಬಂತು. ಗುರುವಿನಿಂದ ಕೇಳದೆ, ಅವರ ಕೈಬರಹದಲ್ಲಿ ಮಾತ್ರ ಕಂಡದ್ದಕ್ಕೆ 'ವಿಜಾದ' ಎಂಬ ಪ್ರತ್ಯೇಕ ವಿಭಾಗವೇ ಇದೆ. ಇಮಾಮ್ ಅಹ್ಮದ್ ಬಿನ್ ಹಂಬಲ್(ರ)ರ ಮುಸ್ನದನ್ನು ನಮಗೆ ತಲುಪಿಸಿದ ಅವರ ಪುತ್ರ ಅಬ್ದುಲ್ಲಾ, ಕೆಲವು ಹದೀಸುಗಳನ್ನು ತಂದೆಯಿಂದ ಕೇಳಿದ್ದಾಗಿ ಹೇಳದೆ, ತಂದೆಯ ಗ್ರಂಥದಲ್ಲಿ ಅವರದೇ ಕೈಬರಹದಲ್ಲಿ ಕಂಡೆನೆಂದು ನಮೂದಿಸುತ್ತಾರೆ. ಮಗನಾಗಿದ್ದೂ ಕೇಳಿದ್ದನ್ನು ಬೇರೆ, ಕಂಡದ್ದನ್ನು ಬೇರೆ ಇಟ್ಟರು.

ತಫ್ಸೀರ್ ಕ್ಷೇತ್ರದಲ್ಲಿ ಇಮಾಮ್ ಕುರ್ತುಬಿ(ರ, ನಿಧನ ಹಿಜರಿ 671, ಕ್ರಿ.ಶ. 1273) ತಮ್ಮ ಬೃಹತ್ ಗ್ರಂಥದ ಪೀಠಿಕೆಯಲ್ಲಿ ಒಂದು ಷರತ್ತನ್ನು ತಮಗೆ ತಾವೇ ಹಾಕಿಕೊಂಡರು. ಮಾತುಗಳನ್ನು ಹೇಳಿದವರ ಹೆಸರಿಗೆ, ಹದೀಸುಗಳನ್ನು ಅವುಗಳನ್ನು ಸಂಗ್ರಹಿಸಿದವರ ಹೆಸರಿಗೆ ಸೇರಿಸುವುದೇ ಆ ಷರತ್ತು. ಹಾಗೆ ಮಾಡುವುದರಲ್ಲಿಯೇ ವಿದ್ಯೆಯ ಬರಕತ್ ಇದೆಯೆಂಬ ಹಿರಿಯರ ನುಡಿಯನ್ನು ಅವರು ನೆನೆಯುತ್ತಾರೆ. ಫಿಕ್‌ಹ್ ಮತ್ತು ತಫ್ಸೀರಿನ ಗ್ರಂಥಗಳಲ್ಲಿ ಹದೀಸುಗಳು ಮೂಲವಿಲ್ಲದೆ ಬರುವುದರಿಂದ ಅರಿಯದವರು ಸರಿಯಾದದ್ದನ್ನೂ ದುರ್ಬಲವಾದದ್ದನ್ನೂ ಬೇರ್ಪಡಿಸಲಾರದೆ ಗೊಂದಲಕ್ಕೀಡಾಗುತ್ತಾರೆ ಎಂಬ ಕಾರಣವನ್ನೂ ಕೊಡುತ್ತಾರೆ. ಕನ್ನಡದ ವಿದ್ವಾಂಸರು ಪುಸ್ತಕದ ಕೊನೆಯಲ್ಲಿ ಆಕರಗಳ ಪಟ್ಟಿಗೆ 'ಗ್ರಂಥಋಣ' ಎಂದು ಹೆಸರಿಡುವುದುಂಟು. ಕುರ್ತುಬಿಯವರ ಷರತ್ತಿಗೆ ಇದಕ್ಕಿಂತ ಹತ್ತಿರದ ಕನ್ನಡ ಪದ ನಮಗೆ ಹೊಳೆಯುವುದಿಲ್ಲ.

ಈ ಋಣದ ವಿಷಯದಲ್ಲಿ ಇಬ್ಬರು ಮಹಾನ್ ವಿದ್ವಾಂಸರ ನಡುವೆ ವ್ಯಾಜ್ಯವೇ ನಡೆಯಿತೆಂದರೆ ಓದುಗರು ಅಚ್ಚರಿಪಡಬಹುದು. ಕೈರೋದ ಇಮಾಮ್ ಸುಯೂತಿ(ರ, 1445–1505) ಗ್ರಂಥಕರ್ತನಿಗೂ ಕಳ್ಳನಿಗೂ ಇರುವ ವ್ಯತ್ಯಾಸವನ್ನೇ ಕುರಿತು ಒಂದು ಕಿರುಗ್ರಂಥ ಬರೆದವರು. ಸಹೀಹುಲ್ ಬುಖಾರಿಗೆ ವ್ಯಾಖ್ಯಾನ ಬರೆದ ಇಮಾಮ್ ಕಸ್ತಲ್ಲಾನಿ(ರ, 1448–1517) ತಮ್ಮ ಗ್ರಂಥಗಳಿಂದ ಹೆಸರು ಹೇಳದೆ ವಿಷಯ ಎತ್ತಿಕೊಂಡಿದ್ದಾರೆಂದು ಅವರು ಶೈಖುಲ್ ಇಸ್ಲಾಮ್ ಝಕರಿಯ್ಯಾ ಅನ್ಸಾರಿ(ರ)ಯವರ ಮುಂದೆ ದೂರಿತ್ತರೆಂದು ಚರಿತ್ರಕಾರರು ಬರೆದಿದ್ದಾರೆ. ಪುರಾವೆ ಏನೆಂದು ಕೇಳಿದಾಗ ಸುಯೂತಿಯವರು ಕೊಟ್ಟ ಉತ್ತರ ಹೀಗಿತ್ತು: 'ಇವರು ಹಲವೆಡೆ ಬೈಹಕಿಯವರನ್ನು ಉಲ್ಲೇಖಿಸಿದ್ದಾರೆ. ಬೈಹಕಿಯವರಿಗೆ ಹಲವಾರು ಗ್ರಂಥಗಳಿವೆ. ಈ ಮಾತುಗಳನ್ನು ಯಾವ ಗ್ರಂಥದಲ್ಲಿ ಕಂಡರೆಂದು ಹೇಳಲಿ.' ಕಸ್ತಲ್ಲಾನಿಯವರಿಗೆ ಹೇಳಲಾಗಲಿಲ್ಲ. ಅವರು ಬೈಹಕಿಯವರನ್ನು ಕಂಡದ್ದು ಸುಯೂತಿಯವರ ಪುಟಗಳಲ್ಲಿಯೇ. ಹಾಗಿದ್ದರೆ, ಬೈಹಕಿಯವರಿಂದ ಸುಯೂತಿ ಉದ್ಧರಿಸಿದ್ದಾರೆ ಎಂದೇ ಬರೆಯಬೇಕಿತ್ತು ಎಂಬುದು ಸುಯೂತಿಯವರ ವಾದ.

ಕಸ್ತಲ್ಲಾನಿಯವರು ಬರೆದದ್ದರಲ್ಲಿ ಬೈಹಕಿಯವರ ಹೆಸರು ಇತ್ತು, ಮಾತೂ ಬೈಹಕಿಯವರದೇ ಆಗಿತ್ತು. ತಪ್ಪಿದ್ದು ನಡುವಿನ ಒಂದು ಕೊಂಡಿ ಮಾತ್ರ. ಇಂದಿನ ವಿಶ್ವವಿದ್ಯಾಲಯಗಳಲ್ಲಿ ಮಾರ್ಗದರ್ಶಕರು ವಿದ್ಯಾರ್ಥಿಗಳಿಗೆ ಅತ್ಯಂತ ಕಷ್ಟಪಟ್ಟು ಕಲಿಸುವ ನಿಯಮವೂ ಇದುವೇ: ಮೂಲಗ್ರಂಥವನ್ನು ನೀನೇ ತೆರೆದು ನೋಡದಿದ್ದರೆ, ನೋಡಿದಂತೆ ತೋರಿಸಬೇಡ, ಯಾರಲ್ಲಿ ಕಂಡೆಯೋ ಅವರನ್ನು ಹೇಳು.

ಕಸ್ತಲ್ಲಾನಿಯವರು ಆ ಬಳಿಕ ಸುಯೂತಿಯವರ ಮನಸ್ಸನ್ನು ಸಮಾಧಾನಪಡಿಸಬೇಕೆಂದು ಬರಿಗಾಲಲ್ಲಿ, ಬರಿದಲೆಯಲ್ಲಿ ನೈಲ್ ನದಿಯ ರೌದಾ ದ್ವೀಪದವರೆಗೆ ನಡೆದು ಹೋಗಿ ಅವರ ಬಾಗಿಲು ತಟ್ಟಿದರಂತೆ. ಒಳಗಿನಿಂದಲೇ ಸುಯೂತಿಯವರು ತಮ್ಮ ಮನಸ್ಸು ತಿಳಿಯಾಯಿತೆಂದು ಹೇಳಿದರಂತೆ. ಬಾಗಿಲು ಮಾತ್ರ ತೆರೆಯಲಿಲ್ಲವಂತೆ. ಸುಯೂತಿಯವರ ಈ ಕಾಠಿಣ್ಯ ನಮಗೆ ಅತಿಯೆನಿಸುತ್ತದೆ. ಬಾಗಿಲ ಹೊರಗೆ ನಿಂತವರ ವಿನಯವೇ ನಮ್ಮ ಮನಸ್ಸಿನಲ್ಲಿ ಹೆಚ್ಚು ಉಳಿಯುತ್ತದೆ. ಈ ಪ್ರಸಂಗವನ್ನು ದಾಖಲಿಸಿದವರಲ್ಲಿ ಗುಜರಾತಿನ ಅಹಮದಾಬಾದಿನಲ್ಲಿ ಬಾಳಿದ ಅಬ್ದುಲ್ ಕಾದಿರ್ ಅಲ್ ಐದರೂಸ್(ರ) ಒಬ್ಬರು. ಕೈರೋದ ಒಂದು ಉಲ್ಲೇಖದ ಜಗಳ ಅರಬ್ಬೀ ಸಮುದ್ರ ದಾಟಿ ನಮ್ಮ ದೇಶದ ಗ್ರಂಥದಲ್ಲಿಯೂ ನೆಲೆ ಪಡೆದಿದೆ.

ಮೂಲವನ್ನು ಬಿಟ್ಟ ಗ್ರಂಥಗಳಿಗೆ ಮೂಲವನ್ನು ಹುಡುಕಿಕೊಡುವ 'ತಖ್ರೀಜ್' ಎಂಬ ಶಾಸ್ತ್ರವನ್ನೂ ವಿದ್ವಾಂಸರು ಬೆಳೆಸಿದರು. ಹನಫೀ ಮದ್ರಸಗಳಲ್ಲಿ ಓದಿಸುವ 'ಹಿದಾಯ'ದ ಹದೀಸುಗಳಿಗೆ ಝೈಲಈ(ರ, ನಿಧನ ಹಿಜರಿ 762), ಇಮಾಮ್ ಗಝ್ಝಾಲಿ(ರ)ಯವರ 'ಇಹ್ಯಾ'ದ ಹದೀಸುಗಳಿಗೆ ಇರಾಕಿ(ರ, ನಿಧನ ಹಿಜರಿ 806) ಈ ಸೇವೆ ಸಲ್ಲಿಸಿದರು. ಮೂಲ ಸಿಗದ ಕಡೆ ಸಿಗಲಿಲ್ಲವೆಂದೇ ಬರೆದರು. ವಿದ್ಯೆಗಾಗಿ ಚೀನಾಕ್ಕಾದರೂ ಹೋಗಬೇಕೆಂಬ ಮಾತು ನಮ್ಮ ಶಾಲಾ ವಾರ್ಷಿಕೋತ್ಸವಗಳ ವೇದಿಕೆಗಳಲ್ಲಿ ಹದೀಸೆಂದೇ ಕೇಳಿಬರುತ್ತದೆ. ಬೈಹಕಿಯವರು ಅದರ ಸನದು ದುರ್ಬಲವೆಂದರು. ಇಬ್ನುಲ್ ಜೌಝಿಯವರು ಅದನ್ನು ಕಟ್ಟುಕತೆಯ ಹದೀಸುಗಳ ಸಂಗ್ರಹಕ್ಕೇ ಸೇರಿಸಿದರು. ಮಾತು ಒಳ್ಳೆಯದಿರಬಹುದು. ಆದರೆ ಪ್ರವಾದಿ(ಸ)ರು ಹೇಳಿದರೆನ್ನಲು ಒಳ್ಳೆಯ ಮಾತಾಗಿರುವುದಷ್ಟೇ ಸಾಲದು.

ಕೊನೆಯದಾಗಿ ಸಂಖ್ಯೆಗಳ ವಿಷಯ. ಪ್ರಬಂಧಗಳಲ್ಲಿಯೂ ಮೊಬೈಲ್ ಸಂದೇಶಗಳಲ್ಲಿಯೂ 'ಮುಸ್ಲಿಮ್' ಎಂದು ಬರೆದು ಮುಂದೆ ಒಂದು ಸಂಖ್ಯೆ ಹಾಕುವ ರೂಢಿ ಬಂದಿದೆ. ಹಳೆಯ ಇಮಾಮರು ಈ ಸಂಖ್ಯೆಗಳನ್ನು ಕೊಟ್ಟವರಲ್ಲ. ಈಜಿಪ್ಟಿನ ಮುಹಮ್ಮದ್ ಫುಆದ್ ಅಬ್ದುಲ್ ಬಾಕಿಯವರು (1882–1968) ಕೊಟ್ಟ ಕ್ರಮದಲ್ಲಿ ಸಹೀಹ್ ಮುಸ್ಲಿಮ್ 3033ಕ್ಕೆ ಮುಗಿಯುತ್ತದೆ; ಪುನರಾವರ್ತನೆಗಳನ್ನೂ ಎಣಿಸುವ ಮುದ್ರಣಗಳಲ್ಲಿ ಸಂಖ್ಯೆ ಏಳು ಸಾವಿರವನ್ನು ದಾಟುತ್ತದೆ. ಒಂದೇ ಸಂಖ್ಯೆ ಎರಡು ಮುದ್ರಣಗಳಲ್ಲಿ ಎರಡು ಬೇರೆ ಹದೀಸುಗಳನ್ನು ತೋರಿಸಬಲ್ಲದು. ಆದ್ದರಿಂದ ನಾವು ನಮ್ಮ ವಿದ್ಯಾರ್ಥಿಗಳಿಗೆ ಗ್ರಂಥದ ಹೆಸರು, ಅದರೊಳಗಿನ ಅಧ್ಯಾಯ, ಸಂಖ್ಯೆ, ಆ ಸಂಖ್ಯೆ ಯಾರ ಕ್ರಮದ್ದು ಎಂಬ ನಾಲ್ಕನ್ನೂ ಬರೆಯಲು ಹೇಳುತ್ತೇವೆ. ಕನ್ನಡ ಅನುವಾದದಿಂದ ತೆಗೆದುಕೊಂಡಿದ್ದರೆ ಅನುವಾದಕರ ಹೆಸರು ಐದನೆಯದು.