ದಾನವನ್ನು ಬರೆದಿಟ್ಟವರು

ಐಹೊಳೆಯ ಮೇಗುತಿ ಜಿನಾಲಯದ ಶಾಸನವೆಂದೊಡನೆ ನೆನಪಿಗೆ ಬರುವುದು ಇಮ್ಮಡಿ ಪುಲಕೇಶಿಯ ದಿಗ್ವಿಜಯ, ಹರ್ಷವರ್ಧನನ ಪರಾಭವ, ಕಾಳಿದಾಸ ಭಾರವಿಗಳ ಸಾಲಿನಲ್ಲಿ ತನ್ನನ್ನು ನಿಲ್ಲಿಸಿಕೊಂಡ ಕವಿ ರವಿಕೀರ್ತಿಯ ಆತ್ಮವಿಶ್ವಾಸ. ಶಕವರ್ಷ 556ರ, ಎಂದರೆ ಕ್ರಿ.ಶ. 634ರ ಈ ಶಾಸನವನ್ನು ಶಾಲೆಯ ಪಠ್ಯಗಳಿಂದ ಹಿಡಿದು ಸಂಶೋಧನ ಗ್ರಂಥಗಳವರೆಗೆ ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಪದ್ಯಗಳೆಲ್ಲ ಮುಗಿದ ಮೇಲೆ, ಕಟ್ಟಕಡೆಯಲ್ಲಿ, ಕಾವ್ಯಗುಣವೇನೂ ಇಲ್ಲದ ಒಂದು ಒಕ್ಕಣೆ ಇದೆ. ಮೂಲವಳ್ಳಿ, ಪುಲಿಗೆರೆ ಮೊದಲಾದ ಊರುಗಳ ಹೆಸರು, ಬೆಟ್ಟದ ತಪ್ಪಲಿನಿಂದ ಪಡುವಲಿಗೆ ಸಾಗುವ ಎಲ್ಲೆ, ಬಡಗಣ ತೆಂಕಣ ಮೇರೆಗಳು. ಈ ಜಿನಾಲಯಕ್ಕೆ ಸಲ್ಲುವ ಭುಕ್ತಿ ಯಾವುದೆಂಬುದರ ವಿವರವಿದು. ಓದುಗರ ಕಣ್ಣು ಸಾಮಾನ್ಯವಾಗಿ ಇದನ್ನು ದಾಟಿ ಹೋಗುತ್ತದೆ. ಆದರೂ ಆ ಬೆಟ್ಟದ ಮೇಲಿನ ದೇವರಿಗೆ ದೀಪ ಉರಿದದ್ದು ಪುಲಕೇಶಿಯ ವಿಜಯವರ್ಣನೆಯಿಂದಲ್ಲ, ಆ ಊರುಗಳ ಹುಟ್ಟುವಳಿಯಿಂದ.

ಪ್ರಶಸ್ತಿಯ ಕರ್ತೃವೂ ಜಿನಭವನವನ್ನು ಮಾಡಿಸಿದವನೂ ತಾನೇ ಎಂದು ರವಿಕೀರ್ತಿ ಹೇಳಿಕೊಂಡಿದ್ದಾನೆ. ಸತ್ಯಾಶ್ರಯನ ಪರಮಪ್ರಸಾದವನ್ನು ಪಡೆದವನೆಂಬುದನ್ನೂ ಸೇರಿಸಿದ್ದಾನೆ. ಅರಸನ ಕೃಪೆಯನ್ನು ಸಂಪಾದಿಸುವುದು, ಆ ಕೃಪೆಯನ್ನು ಕಲ್ಲಿನ ಕಟ್ಟಡವಾಗಿ ಮಾರ್ಪಡಿಸುವುದು, ದಾತೃವಿನ ಕೀರ್ತಿಯನ್ನು ಉಳಿಯುವಂತೆ ಬರೆಯುವುದು, ಇವಿಷ್ಟೂ ಕೆಲಸ ಒಬ್ಬನ ಕೈಯಲ್ಲಿ ಸೇರಿತ್ತು. ದಾನಿಗೂ ಧರ್ಮಸಂಸ್ಥೆಗೂ ನಡುವೆ ನಿಂತು ಆ ಸಂಬಂಧವನ್ನು ಕಾಯುವವರನ್ನು ಇಂದಿನ ದೊಡ್ಡ ವಿಶ್ವವಿದ್ಯಾಲಯಗಳೂ ಆಸ್ಪತ್ರೆಗಳೂ ಪ್ರತ್ಯೇಕ ಹುದ್ದೆ ಕೊಟ್ಟು, ತರಬೇತಿ ಕೊಟ್ಟು ನೇಮಿಸಿಕೊಳ್ಳುತ್ತವೆ. ಪಶ್ಚಿಮದ ದೇಶಗಳಲ್ಲಿ ಅದು ಒಂದು ಸ್ವತಂತ್ರ ವೃತ್ತಿಯೇ ಆಗಿದೆ. ಹುನಗುಂದದ ಸೀಮೆಗೆ ಇದು ಹೊಸ ಮಾತಲ್ಲ.

ಹುನಗುಂದದ ಪ್ರಾಚೀನ ನಾಮ ಪೊನ್ನುಗುಂದ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇಲ್ಲಿ ‘ಅರಸರ ಬಸದಿ’ ಎಂಬ ಜಿನಾಲಯವಿತ್ತು. ಆ ಕಾಲದ ಬಸದಿಗಳಿಗೆ ಸಂದ ದಾನಶಾಸನಗಳನ್ನು ಓದಿದರೆ ದಾನವೆಂಬ ಕ್ರಿಯೆಯಲ್ಲಿ ಮೂವರು ಕಾಣಿಸುತ್ತಾರೆ. ಕೊಡುವವನು ಒಬ್ಬ. ಅವನಿಂದ ಪಾದಪ್ರಕ್ಷಾಳನ ಮಾಡಿಸಿಕೊಂಡು ಧಾರಾಪೂರ್ವಕವಾಗಿ ಸ್ವೀಕರಿಸುವ ಆಚಾರ್ಯರು ಇನ್ನೊಬ್ಬರು. ಮೂರನೆಯವನು ಅದನ್ನು ಬರೆದಿಡುವ ಸೇನಬೋವ. ಮೊದಲಿನ ಇಬ್ಬರಿಗೆ ಶಾಸನದಲ್ಲಿ ವಂಶಾವಳಿ, ಗುರುಪರಂಪರೆ, ಬಿರುದಾವಳಿ ಎಲ್ಲವೂ ದೊರೆಯುತ್ತವೆ. ಮೂರನೆಯವನಿಗೆ ದೊರೆತರೆ ಕಡೆಯ ಸಾಲಿನಲ್ಲಿ ಒಂದು ಹೆಸರು, ಅದರ ಪಕ್ಕದಲ್ಲಿ ಕಲ್ಲನ್ನು ಕಂಡರಿಸಿದ ರೂವಾರಿಯ ಹೆಸರು. ಎಷ್ಟೋ ಶಾಸನಗಳಲ್ಲಿ ಅದೂ ಇಲ್ಲ.

ಆದರೆ ಆ ಮೂರನೆಯವನ ಕೈಚಳಕವಿಲ್ಲದೆ ದಾನಕ್ಕೆ ರೂಪವಿರಲಿಲ್ಲ. ಭೂಮಿ ಎಷ್ಟು ಮತ್ತರು, ಎಷ್ಟು ಕಮ್ಮ, ಯಾವ ಗಳೆಯಿಂದ ಅಳೆದದ್ದು ಎಂಬುದನ್ನು ಅವನು ನಮೂದಿಸಬೇಕಾಗಿತ್ತು. ಊರೂರಿಗೆ ಅಳತೆಯ ಕೋಲು ಬೇರೆಯಾಗಿದ್ದುದರಿಂದ ಕೋಲಿನ ಹೆಸರನ್ನು ಬರೆಯದಿದ್ದರೆ ಮತ್ತರಿನ ಲೆಕ್ಕಕ್ಕೆ ಅರ್ಥವಿರುತ್ತಿರಲಿಲ್ಲ. ನಾಲ್ಕು ದಿಕ್ಕಿನ ಮೇರೆ, ತೆರಿಗೆ ಬಿಟ್ಟುಕೊಟ್ಟಿದ್ದರೆ ‘ಸರ್ವನಮಸ್ಯ’ ಎಂಬ ಮಾತು, ಅನಂತರ ವಿನಿಯೋಗ. ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ದೇವರ ಅಷ್ಟವಿಧಾರ್ಚನೆಗೆ, ಋಷಿಯರ ಆಹಾರದಾನಕ್ಕೆ ಎಂದು ಬಗೆಬಗೆಯಾಗಿ ಹೇಳುವ ಆ ಸಾಲುಗಳು ಕೇವಲ ವಾಡಿಕೆಯ ಮಾತುಗಳೆಂದು ಭಾವಿಸುವುದು ತಪ್ಪು. ಆಹಾರದಾನಕ್ಕೆಂದು ಬಂದ ಭತ್ತವನ್ನು ಗೋಡೆಗೆ ಸುಣ್ಣ ಬಳಿಸಲು ಮಾರುವಂತಿಲ್ಲ ಎಂಬ ಕಟ್ಟು ಅದರಲ್ಲಿದೆ. ದಾನಿಯನ್ನು ಹೊಗಳುವುದು ಶಾಸನದ ಮೊದಲ ಭಾಗದ ಕೆಲಸವಾದರೆ, ಸ್ವೀಕರಿಸಿದವರನ್ನು ಕಟ್ಟಿಹಾಕುವುದು ಅದರ ಎರಡನೆಯ ಭಾಗದ ಕೆಲಸ. ಈ ಎರಡನೆಯದೇ ದಾನಿಗೆ ಸಲ್ಲುವ ನಿಜವಾದ ಗೌರವ.

‘ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು’ ಎಂಬ ಗಾದೆ ಮನೆವಾರ್ತೆಗೆ ಸರಿ. ಬಸದಿಯ ಲೆಕ್ಕವಿಡುವವನು ಮಾತ್ರ ಹಲ್ಲು ಎಣಿಸಲೇಬೇಕು. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನದ ಫಲವು ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ವಿಶೇಷದಿಂದ ವ್ಯತ್ಯಾಸ ಹೊಂದುತ್ತದೆಂದು ಹೇಳಿದೆ. ದ್ರವ್ಯ ಎಂಥದು, ಅದು ಯಾವ ಕ್ರಮದಲ್ಲಿ ಬಂದಿತು ಎಂಬ ವಿಚಾರಣೆ ಹೀಗೆ ಧರ್ಮದ ಒಳಗಿನ ಪ್ರಶ್ನೆಯೇ ಆಗುತ್ತದೆ.

ಈ ಕೆಲಸಕ್ಕೆ ಶಿಕ್ಷಣ ಬೇಕಾಗಿತ್ತು, ಶಿಕ್ಷಣಕ್ಕೆ ಗ್ರಂಥಗಳೂ ಇದ್ದವು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದ ನಡುಭಾಗದಲ್ಲಿ, ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹದಲ್ಲಿ ಕ್ಷೇತ್ರಗಣಿತವಿದೆ, ಬಡ್ಡಿಯ ಲೆಕ್ಕವಿದೆ, ಪಾಲು ಹಂಚುವ ಲೆಕ್ಕವಿದೆ. ಜಿನಪೂಜೆಗೆ ತಂದ ಹೂಗಳನ್ನು ಎಣಿಸುವ ಸಮಸ್ಯೆಗಳೂ ಇವೆ. 12ನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಕನ್ನಡದಲ್ಲಿಯೇ ಬರೆದನು. ಇಬ್ಬರೂ ಜೈನರು. ಇವು ಆಕಾಶದ ಗ್ರಹಗತಿಯನ್ನು ಅಳೆಯುವ ಗ್ರಂಥಗಳಲ್ಲ. ಹೊಲ ಅಳೆಯುವ, ಹೊನ್ನು ತೂಗುವ, ಬಡ್ಡಿ ಕಟ್ಟುವ ಜನರಿಗೆ ಬೇಕಾದ ವಿದ್ಯೆ ಅವುಗಳಲ್ಲಿದೆ.

ದಾನಿಯ ಸಂಬಂಧ ಒಂದು ದಿನದ ಧಾರೆಯೊಡನೆ ಮುಗಿಯುವುದಿಲ್ಲ ಎಂಬುದಕ್ಕೆ ಇದೇ ಬಾಗಲಕೋಟೆ ಜಿಲ್ಲೆಯ ತೇರದಾಳ ಒಳ್ಳೆಯ ಸಾಕ್ಷಿ. ಅಲ್ಲಿ ಗೊಂಕನೆಂಬ ಮಾಂಡಳಿಕನು ನೇಮಿನಾಥ ಬಸದಿಯನ್ನು ಕಟ್ಟಿಸಿ 1123ರಲ್ಲಿ ದತ್ತಿ ಬಿಟ್ಟನು. ರಟ್ಟರ ಕಾರ್ತವೀರ್ಯನ ಹೆಸರೂ ಕೊಲ್ಲಾಪುರದ ರೂಪನಾರಾಯಣ ಬಸದಿಯ ಮಾಘನಂದಿ ಸೈದ್ಧಾಂತಿಕರ ಹೆಸರೂ ಆ ಶಾಸನದಲ್ಲಿವೆ. ಅದೇ ಕಲ್ಲಿನ ಮೇಲೆ ಮುಂದಿನ ತಲೆಮಾರುಗಳ ದತ್ತಿಗಳು ಸೇರುತ್ತ ಬಂದು, ಕಡೆಯದು 1187ಕ್ಕೆ ನಿಲ್ಲುತ್ತದೆ. ಒಂದೇ ಶಿಲೆಯ ಮೇಲೆ 64 ವರ್ಷಗಳ ಲೆಕ್ಕ! ಮೊದಲ ದಾನಿ ತೀರಿಕೊಂಡ ಮೇಲೆಯೂ ಆ ಬಸದಿಯವರು ಕಲ್ಲನ್ನು ಮುಚ್ಚಿದ ಕಡತವೆಂದು ಬಗೆಯಲಿಲ್ಲ. ಐಹೊಳೆಯ ಹೆಸರನ್ನು ದಕ್ಷಿಣಾಪಥಕ್ಕೆಲ್ಲ ಒಯ್ದ ಅಯ್ಯಾವೊಳೆ ಐನೂರ್ವರ ಕೀರ್ತನೆಯೂ ತೇರದಾಳದ ಶಾಸನದಲ್ಲಿ ಇರುವುದು ಗಮನಾರ್ಹ. ಈ ವರ್ತಕ ಸಂಘದವರು ಹೆಚ್ಚಾಗಿ ಕೊಡುತ್ತಿದ್ದುದು ಭೂಮಿಯನ್ನಲ್ಲ; ಹೇರಿಗೆ ಇಷ್ಟು, ಅಂಗಡಿಗೆ ಇಷ್ಟು ಎಂಬ ಆಯವನ್ನು. ಭೂಮಿಯನ್ನು ಒಮ್ಮೆ ಅಳೆದರೆ ಸಾಕು. ಹೇರಿನ ಆಯವನ್ನು ಸಂತೆಸಂತೆಗೂ ಕೇಳಿ ಪಡೆಯಬೇಕು. ಕೇಳುವ ಮಾತು ಒರಟಾದರೆ ವ್ಯಾಪಾರಿ ಮುನಿಯುತ್ತಾನೆ, ಮೆತ್ತಗಾದರೆ ಮರೆಯುತ್ತಾನೆ. ಪಂಚಕಲ್ಯಾಣ ಮಹೋತ್ಸವದಲ್ಲಿ ಕಲಶದ ಸವಾಲು ಹಿಡಿದವರಿಂದ ಬಾಕಿ ತರಲು ಹೊರಟ ಯಾವ ಗುಮಾಸ್ತನಿಗೂ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ.

ದಾಖಲೆಯನ್ನು ಹೊಸತಾಗಿಸುವುದು ಇನ್ನೊಂದು ಹೊಣೆ. ಮಲಪ್ರಭೆಯ ದಡದ ಕೊಣ್ಣೂರು, ಹಿಂದಿನ ಕೊಳನೂರು. ಅಲ್ಲಿ ಬಂಕೆಯನು ಕಟ್ಟಿಸಿದ ಜಿನಾಲಯಕ್ಕೆ ಅಮೋಘವರ್ಷನು 860ರಲ್ಲಿ ತಳೆಯೂರನ್ನು ಕೊಟ್ಟನೆಂದು ಹೇಳುವ ಶಾಸನವೊಂದಿದೆ. ಆದರೆ ಕಲ್ಲು ಆ ಕಾಲದ್ದಲ್ಲ. ತಾಮ್ರಪಟದಲ್ಲಿದ್ದುದನ್ನು ಊರ ಪ್ರಭುಗಳ ಬಿನ್ನಹದ ಮೇರೆಗೆ ಮೇಘಚಂದ್ರ ತ್ರೈವಿದ್ಯರ ಶಿಷ್ಯ ವೀರನಂದಿ ಮುನಿಗಳು ಕಲ್ಲಿನ ಮೇಲೆ ಬರೆಯಿಸಿದರೆಂದು ಆ ಶಾಸನವೇ ತಿಳಿಸುತ್ತದೆ. ಇದು ಸುಮಾರು 12ನೆಯ ಶತಮಾನದ ಮಾತು. ಲಕ್ಷ್ಮೇಶ್ವರದಲ್ಲಿಯೂ ಬಾದಾಮಿ ಚಾಲುಕ್ಯರ ದಾನಗಳನ್ನು ಶತಮಾನಗಳ ಅನಂತರದ ಲಿಪಿಯಲ್ಲಿ ಕಲ್ಲಿಗೆ ಏರಿಸಲಾಗಿದೆ. ಇಂಥ ಪ್ರತಿಗಳನ್ನು ವಿದ್ವಾಂಸರು ಸುಲಭವಾಗಿ ಒಪ್ಪಿಲ್ಲ. ಕೊಣ್ಣೂರಿನ ಶಾಸನವನ್ನು ಸಂಪಾದಿಸಿದ ಕೀಲ್‌ಹಾರ್ನ್ ಅದಕ್ಕೆ ಕೃತಕವೆಂಬ ವಿಶೇಷಣವನ್ನೇ ಕೊಟ್ಟರು. ಮೂಲ ತಾಮ್ರಪಟವನ್ನು ಉಳಿಸಿಕೊಂಡಿದ್ದರೆ ಈ ಸಂದೇಹಕ್ಕೆ ಎಡೆಯಿರುತ್ತಿರಲಿಲ್ಲ. ಪ್ರತಿ ಮಾಡುವವನ ಕೈ ಎಷ್ಟೇ ಶುದ್ಧವಾಗಿರಲಿ, ಮೂಲವಿಲ್ಲದ ಪ್ರತಿ ಸಾವಿರ ವರ್ಷಗಳ ಮೇಲೂ ಸಂಶಯದ ಕಟಕಟೆಯಲ್ಲಿ ನಿಲ್ಲುತ್ತದೆ.

ಬರೆಯುವ ಕೈಗಳ ಮಾತು ಬಂದಾಗ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಬಿಡುವಂತಿಲ್ಲ. ಮುಧೋಳದ ಬಳೆಗಾರ ಕುಲದ ರನ್ನನಿಂದ ಅವಳು 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ರನ್ನನು ತನ್ನ ದಾತೃವನ್ನು ಕಾವ್ಯದಲ್ಲಿ ಅಮರಳನ್ನಾಗಿ ಮಾಡಿದನು. ಸಾವಿರ ಪ್ರತಿಗಳ ಓಲೆಗಳನ್ನು ಗೀಚಿದ ಲೇಖಕರ ಹೆಸರುಗಳು ನಮಗೆ ಬಂದಿಲ್ಲ. ಅಷ್ಟು ಜನರಿಗೆ ಊಟ, ಬಟ್ಟೆ, ಬಿಡುವು ಒದಗಿಸಿದ ಒಂದು ವ್ಯವಸ್ಥೆ ಅತ್ತಿಮಬ್ಬೆಯ ಔದಾರ್ಯದ ಹಿಂದೆ ಇದ್ದಿರಲೇಬೇಕು.

ಬಸದಿಯ ಸೇವಕರಿಗೆ ವೃತ್ತಿ ಕಲ್ಪಿಸುವುದು ಆ ಕಾಲದ ದಾನಿಗಳಿಗೆ ತಿಳಿದಿತ್ತು. ಪೂಜಾರಿಗೆ ಇಷ್ಟು, ಮಾಲೆಗಾರನಿಗೆ ಇಷ್ಟು ಎಂದು ಮತ್ತರುಗಳನ್ನು ವಿಂಗಡಿಸಿದ ಶಾಸನಗಳು ಹೇರಳವಾಗಿವೆ. ಸೇವೆಯೆಂದರೆ ಸಂಬಳವಿಲ್ಲದ ದುಡಿಮೆ ಎಂಬ ಕಲ್ಪನೆ ಅವುಗಳಲ್ಲಿಲ್ಲ.

ಕಾಗದಪತ್ರದ ಬೆಲೆ ಏನೆಂಬುದು ಈ ಸೀಮೆಗೆ ಕಟುವಾಗಿ ತಿಳಿದದ್ದು 19ನೆಯ ಶತಮಾನದಲ್ಲಿ. ಮುಂಬಯಿ ಸರಕಾರ ದಕ್ಷಿಣ ಮರಾಠಾ ಪ್ರಾಂತದಲ್ಲಿ ಇನಾಮು ಭೂಮಿಗಳ ವಿಚಾರಣೆಯನ್ನು ಆರಂಭಿಸಿತು. 1852ರ ಕಾಯ್ದೆ ಇನಾಮು ಆಯೋಗಕ್ಕೆ ಶಾಸನಬದ್ಧ ಅಧಿಕಾರವನ್ನು ಕೊಟ್ಟಿತು. ಸನದು ತೋರಿಸಿರಿ, ಇಲ್ಲವೇ ಭೂಮಿ ಬಿಡಿರಿ ಎಂಬುದು ಅದರ ಸಾರ. ತಲೆತಲಾಂತರದಿಂದ ಅನುಭೋಗಿಸುತ್ತ ಬಂದವರ ಸಾವಿರಾರು ಇನಾಮುಗಳು ಪತ್ರವಿಲ್ಲದ ಕಾರಣಕ್ಕೆ ಕೈಬಿಟ್ಟವು. ಸ್ವಾತಂತ್ರ್ಯಾನಂತರ 1950ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯ್ದೆ ಬಂದಾಗ ಅಂದಿನ ವಿಜಾಪುರ ಜಿಲ್ಲೆಯ ಧರ್ಮಸಂಸ್ಥೆಗಳು ನೋಂದಣಿ ಮಾಡಿಸಬೇಕಾಯಿತು, ವರ್ಷವರ್ಷವೂ ಲೆಕ್ಕ ತಪಾಸಣೆಗೆ ಒಳಗಾಗಬೇಕಾಯಿತು. ಸೇನಬೋವನ ಕೆಲಸ ಗುಮಾಸ್ತನ ಮೇಜಿಗೆ ಬಂದಿತು.

ಆ ಮೇಜಿನ ಸ್ಥಿತಿ ಇಂದು ಬಹಳ ಕಡೆ ಹೇಗಿದೆ? ಪಾವತಿ ಪುಸ್ತಕ, ಬ್ಯಾಂಕಿನ ವ್ಯವಹಾರ, ಯಾತ್ರಿಕರ ವಸತಿ, ದಾನಿಗಳ ದೂರವಾಣಿ ಎಲ್ಲಕ್ಕೂ ಒಬ್ಬನೇ. ನಾಮಫಲಕದಲ್ಲಿ ಒಂದು ಅಕ್ಷರ ತಪ್ಪಿದರೆ ಬೈಗುಳ ಅವನಿಗೆ, ಸರಿಯಾಗಿದ್ದರೆ ಶಾಲು ಅಧ್ಯಕ್ಷರಿಗೆ. ಆಡಳಿತ ಮಂಡಳಿ ಬದಲಾದಾಗ ಹಳೆಯ ಗುಮಾಸ್ತನೂ ಬದಲಾದರೆ, ಯಾವ ಮನೆತನ ಯಾವ ತಿಥಿಯ ಪೂಜೆಗೆ ಏನು ಕೊಟ್ಟಿತ್ತು ಎಂಬ ನೆನಪೂ ಅವನೊಡನೆ ಹೊರಟುಹೋಗುತ್ತದೆ. ಬಸದಿಯ ಶಿಖರಕ್ಕೆ ಲಕ್ಷಗಳನ್ನು ಎತ್ತುವ ಸಮಾಜ ಈ ನೌಕರನ ತರಬೇತಿಗೂ ಭವಿಷ್ಯನಿಧಿಗೂ ಹಣವಿಲ್ಲವೆನ್ನುವುದು ನ್ಯಾಯವಲ್ಲ.

ಇದರಿಂದ ಕೆಡುವುದು ಕೊಟ್ಟ ಮಾತು. ಶಾಶ್ವತ ಪೂಜೆಯ ನಿಧಿಯನ್ನೇ ನೋಡಬಹುದು. ಐವತ್ತು ವರ್ಷಗಳ ಹಿಂದೆ ತಂದೆಯ ಹೆಸರಿನಲ್ಲಿ 1,000 ರೂಪಾಯಿ ಇಟ್ಟ ಕುಟುಂಬವೊಂದಿದೆ ಎಂದಿಟ್ಟುಕೊಳ್ಳೋಣ. ಶೇಕಡಾ 8ರ ಬಡ್ಡಿಗೆ ವರ್ಷಕ್ಕೆ 80 ರೂಪಾಯಿ. ಅಂದು ಅದರಿಂದ ಅಭಿಷೇಕ, ಅಷ್ಟದ್ರವ್ಯ, ಪ್ರಸಾದ ಎಲ್ಲವೂ ಆಗುತ್ತಿತ್ತು. ಇಂದು ಹಾಲು ಹೂಗಳಿಗೂ ಸಾಲದು. ಹಲವು ಸಂಸ್ಥೆಗಳು ಸುಮ್ಮನೆ ಹತ್ತಾರು ಹೆಸರುಗಳನ್ನು ಒಂದೇ ಪೂಜೆಯಲ್ಲಿ ಓದಿ ಮುಗಿಸುತ್ತವೆ, ಕೆಲವು ಓದುವುದನ್ನೂ ನಿಲ್ಲಿಸಿವೆ. ಮನೆಯವರಿಗೆ ಪತ್ರ ಬರೆದು, ನಿಧಿ ಸಾಲದಾಗಿದೆ, ಹೀಗೆ ನಡೆಸುತ್ತಿದ್ದೇವೆ, ತಮ್ಮ ಅಭಿಪ್ರಾಯವೇನು ಎಂದು ಕೇಳುವುದು ಅಸತ್ಯದಿಂದ ಪಾರಾಗುವ ದಾರಿ. ಆದರೆ ಆ ಪತ್ರ ಬರೆಯಲು ಮೂಲ ಪಾವತಿಯ ದಾಖಲೆ ಇರಬೇಕು, ಮೊಮ್ಮಕ್ಕಳ ವಿಳಾಸ ಗೊತ್ತಿರಬೇಕು, ನೋಯಿಸದೆ ಬರೆಯಬಲ್ಲ ಒಬ್ಬ ಮನುಷ್ಯ ಆ ಮೇಜಿನಲ್ಲಿ ಹತ್ತು ವರ್ಷವಾದರೂ ಕುಳಿತಿರಬೇಕು.

ಶ್ರವಣಬೆಳಗೊಳದ 13ನೆಯ ಶತಮಾನದ ಕೆಲವು ಶಾಸನಗಳು ಇಂಥದೇ ನಿಧಿಗಳನ್ನು ಕುರಿತವು. ಗೊಮ್ಮಟಸ್ವಾಮಿಯ ನಿತ್ಯಾಭಿಷೇಕಕ್ಕೆ ಭಕ್ತರು ಗದ್ಯಾಣಗಳನ್ನು ಇಟ್ಟು, ಅದರ ಬಡ್ಡಿಯಿಂದ ಹಾಲು ಸಲ್ಲಬೇಕೆಂದು ಬರೆಯಿಸಿದರು. ಅಲ್ಲಿ ಹೊನ್ನಿನ ಮೊತ್ತವೂ ಇದೆ, ದಿನಕ್ಕೆ ಎಷ್ಟು ಹಾಲು ಎಂಬ ಅಳತೆಯೂ ಇದೆ. ಹೊನ್ನಿನ ಬೆಲೆ ಇಳಿಯಬಹುದು, ಏರಬಹುದು. ಅಭಿಷೇಕಕ್ಕೆ ಬಂದ ಹಾಲು ಅಷ್ಟಿದೆಯೇ ಎಂಬುದನ್ನು ಬೆಟ್ಟ ಹತ್ತಿ ಬಂದ ಯಾವ ಯಾತ್ರಿಕನಾದರೂ ಮಾಪು ಹಿಡಿದು ನೋಡಬಹುದಾಗಿತ್ತು.