ಬಳ್ಳಾರಿ ಸೀಮೆಯ ವಾಹನಗಳೂ ಅವುಗಳ ಗತಿಶಕ್ತಿಯೂ

೧

ವಾಹನಗಳನ್ನು ನಡೆಯಿಸುವ ಶಕ್ತಿಯ ವಿಚಾರವು ಯಂತ್ರಶಾಸ್ತ್ರಜ್ಞರಿಗೆ ಮಾತ್ರ ಸೇರಿದುದೆಂದು ಸಾಮಾನ್ಯವಾಗಿ ಭಾವಿಸಲ್ಪಟ್ಟಿದೆ. ಶಾಸನಗಳನ್ನೂ ದೇವಾಲಯಗಳನ್ನೂ ರಾಜವಂಶಾವಳಿಗಳನ್ನೂ ಶೋಧಿಸುವ ನಮ್ಮಂಥವರು ಅದನ್ನು ಕುರಿತು ಬರೆಯುವುದು ವಾಚಕರಲ್ಲಿ ಕೆಲವರಿಗೆ ಅಪ್ರಕೃತವೆಂದು ತೋರಬಹುದು. ಆದರೆ ಪೆಟ್ರೋಲು ಡೀಸೆಲುಗಳನ್ನು ತನ್ನೊಳಗೆ ಉರಿಸಿಕೊಂಡು ನಡೆಯುವ ಎಂಜಿನು ಮೆಲ್ಲಮೆಲ್ಲನೆ ಹಿಂದೆ ಸರಿದು, ವಿದ್ಯುತ್ತಿನಿಂದ ನಡೆಯುವ ಕಾರು ಅದರ ಸ್ಥಾನವನ್ನು ಆಕ್ರಮಿಸುತ್ತಿರುವ ಈ ಕಾಲದಲ್ಲಿ ಜನರು ಎರಡು ಪಕ್ಷಗಳಾಗಿ ವಾದಿಸುತ್ತಿರುವರು. ಹಳೆಯ ಎಂಜಿನಿನ ಧ್ವನಿಯಲ್ಲಿಯೂ ವಾಸನೆಯಲ್ಲಿಯೂ ಒಂದು ಜೀವವಿತ್ತು, ಹೊಸದರಲ್ಲಿ ಅದಿಲ್ಲ ಎಂಬುದು ಒಂದು ಪಕ್ಷ. ಹೊಗೆಯನ್ನು ಬಿಡುವ ಯಂತ್ರಕ್ಕಾಗಿ ಮರುಗುವುದು ಅವಿವೇಕವೆಂಬುದು ಇನ್ನೊಂದು. ಗತಿಶಕ್ತಿಯು ಹಿಂದೆಯೂ ಬದಲಾಗಿರುವುದನ್ನು ಈ ಎರಡು ಪಕ್ಷದವರೂ ಸಾಕಷ್ಟು ಗಮನಿಸಿದಂತೆ ಕಾಣುವುದಿಲ್ಲ. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಎಂಬ ಮೂರು ಸ್ಥಳಗಳನ್ನೂ ಅವುಗಳ ಆಸುಪಾಸನ್ನೂ ಆಧಾರವಾಗಿಟ್ಟುಕೊಂಡು ಈ ವಾದವನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಮಾರ್ಗದಲ್ಲಿ ಕುಡತಿನಿಯ ಬಳಿ ಒಂದು ಬೂದಿದಿಬ್ಬವಿದೆ. ನ್ಯೂಬೋಲ್ಡ್ ಎಂಬ ವಿದ್ವಾಂಸನು ಈ ಸೀಮೆಯ ಬೂದಿದಿಬ್ಬಗಳನ್ನು ಕುರಿತು ೧೮೪೩ರಲ್ಲಿಯೇ ಲೇಖನವನ್ನು ಪ್ರಕಟಿಸಿದನು. ಹಂಪೆಯ ಸಮೀಪದ ನಿಂಬಾಪುರದ ದಿಬ್ಬವು ವಾಲಿಯನ್ನು ದಹಿಸಿದ ಬೂದಿಯೆಂದು ಜನರು ಇಂದಿಗೂ ಹೇಳುವರು. ಆಲ್ಚಿನ್ ಎಂಬ ಸಂಶೋಧಕನು ೧೯೫೭ರಲ್ಲಿ ಉಟ್ನೂರಿನಲ್ಲಿ ಉತ್ಖನನ ನಡೆಯಿಸಿ, ನವಶಿಲಾಯುಗದ ದನಗಾಹಿಗಳು ದೊಡ್ಡಿಗಳಲ್ಲಿ ಶೇಖರವಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಇಂತಹ ದಿಬ್ಬಗಳು ಉಂಟಾದುವೆಂದು ತೋರಿಸಿಕೊಟ್ಟನು. ಬಳ್ಳಾರಿಯ ಬಳಿಯ ಸಂಗನಕಲ್ಲು, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಗಳಲ್ಲಿಯೂ ಆ ಯುಗದ ನೆಲೆಗಳು ದೊರೆತಿವೆ. ಕಪ್ಪಗಲ್ಲಿನ ಬಂಡೆಗಳ ಮೇಲೆ ಹಿಣಿಲುಳ್ಳ ಗೂಳಿಗಳ ರೇಖಾಚಿತ್ರಗಳನ್ನು ಈಗಲೂ ಕಾಣಬಹುದು. ಅಂತೂ ಈ ಸೀಮೆಯಲ್ಲಿ ದನವೇ ಮೊದಲಿನ ಸಂಪತ್ತೆಂಬುದೂ, ಆ ಸಂಪತ್ತು ನಾಲ್ಕು ಸಾವಿರ ವರ್ಷಗಳಾದರೂ ಅಳಿಯದ ಬೂದಿಯನ್ನು ಬಿಟ್ಟುಹೋಗಿದೆಯೆಂಬುದೂ ನಿರ್ವಿವಾದ.

ಎತ್ತು ಬಂಡಿಗೆ ಹೂಡಲ್ಪಟ್ಟ ಮೇಲೆ ಅದರ ಸುತ್ತ ಒಂದು ಶಬ್ದಸಮೂಹವು ಬೆಳೆಯಿತು. ನೊಗ, ಮೂಕಿ, ಗುಂಬ, ಅಚ್ಚು, ಕಡಾಣಿ ಎಂಬಿವು ನಮ್ಮ ರೈತರ ಮಾತುಗಳು. ಸಂಸ್ಕೃತದಲ್ಲಿ ಇವಕ್ಕೆ ಕ್ರಮವಾಗಿ ಯುಗ, ಈಷಾ, ನಾಭಿ, ಅಕ್ಷ, ಆಣಿ ಎಂದು ಹೆಸರು. ಇವುಗಳಲ್ಲಿ ಅಚ್ಚು ಎಂಬುದು ಅಕ್ಷ ಶಬ್ದದ ತದ್ಭವ. ನೊಗ ಎಂಬುದಾದರೋ ದೇಶ್ಯ. ಕುರುಗೋಡಿನಲ್ಲಿ ಏಕಶಿಲೆಯ ದೊಡ್ಡಬಸವೇಶ್ವರನು ಪೂಜೆಗೊಳ್ಳುತ್ತಿರುವನು. ಹನ್ನೆರಡನೆಯ ಶತಮಾನದಲ್ಲಿ ಸಿಂದರು ಆಳಿದ ಆ ಊರಿನಲ್ಲಿ ವಾಹನವೇ ದೇವರಾಗಿ ನಿಂತಿದೆಯೆಂದರೆ ತಪ್ಪಾಗದು.

ಆದರೂ ಎತ್ತಿನ ಕಾಲವನ್ನು ಕೇವಲ ಸುಖದ ಕಾಲವೆಂದು ವರ್ಣಿಸುವುದು ಇತಿಹಾಸಕ್ಕೆ ದ್ರೋಹ. ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ, ಎಂದರೆ ೧೮೭೬ರಿಂದ ೧೮೭೮ರ ವರೆಗೆ, ಮದರಾಸು ಪ್ರಾಂತದಲ್ಲಿ ಅತ್ಯಂತ ಕಷ್ಟಕ್ಕೆ ಗುರಿಯಾದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಎತ್ತಿಗೆ ಮೇವೇ ಇಂಧನ. ಮಳೆ ತಪ್ಪಿದರೆ ಮೇವಿಲ್ಲ, ಮೇವಿಲ್ಲದಿದ್ದರೆ ಎತ್ತಿಲ್ಲ, ಎತ್ತಿಲ್ಲದಿದ್ದರೆ ದೂರದಿಂದ ಧಾನ್ಯವನ್ನು ಹಳ್ಳಿಗೆ ತರುವ ಬಂಡಿಯೂ ಇಲ್ಲ. ಹೀಗೆ, ಅತ್ಯಂತ ಅವಶ್ಯವಾದ ಹೊತ್ತಿನಲ್ಲಿಯೇ ಆ ಶಕ್ತಿಯು ಕೈಬಿಡುತ್ತಿತ್ತು.

೩

ಕಾರ್ಲ್ ಬೆಂಜ್ ಎಂಬವನು ತನ್ನ ಮೋಟಾರು ಬಂಡಿಗೆ ಹಕ್ಕುಪತ್ರವನ್ನು ಪಡೆಯಲು ಅರ್ಜಿ ಸಲ್ಲಿಸಿದುದು ೧೮೮೬ರ ಜನವರಿ ೨೯ರಂದು. ಪೆಟ್ರೋಲು ಹಳೆಯದು, ವಿದ್ಯುತ್ತು ಹೊಸದು ಎಂಬ ನಂಬುಗೆಯು ಮಾತ್ರ ಸರಿಯಲ್ಲ. ೧೮೯೯ರಲ್ಲಿ ಗಂಟೆಗೆ ೧೦೦ ಕಿಲೋಮೀಟರಿನ ವೇಗವನ್ನು ಮೊದಲು ಮೀರಿದ ರಸ್ತೆವಾಹನವು ಬೆಲ್ಜಿಯಂ ದೇಶದ ಜೆನಾಟ್ಜಿಯ ವಿದ್ಯುತ್ ಕಾರು. ೧೯೧೨ರಲ್ಲಿ ಕ್ಯಾಡಿಲಾಕ್ ಕಾರಿಗೆ ಎಂಜಿನನ್ನು ಚಾಲೂ ಮಾಡುವ ವಿದ್ಯುತ್ ಸಾಧನವು ಬಂದ ಬಳಿಕ ಕೈಯಿಂದ ಹ್ಯಾಂಡಲು ತಿರುಗಿಸುವ ಕಷ್ಟವು ತಪ್ಪಿ, ಪೆಟ್ರೋಲಿಗೆ ಮೇಲುಗೈಯಾಯಿತು. ಎಂದರೆ, ವಿದ್ಯುತ್ತಿನ ಸಹಾಯದಿಂದಲೇ ಪೆಟ್ರೋಲು ವಿದ್ಯುತ್ತನ್ನು ಸೋಲಿಸಿತು.

ಬಳ್ಳಾರಿಯು ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದುವು. ಆ ವರ್ಷವೇ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗಳಿಗೆ ನೀರು ಬಿಡಲ್ಪಟ್ಟಿತು. ವಿಜಯನಗರದ ಕಾಲದಿಂದಲೇ ನದಿಯ ಕಾಲುವೆಯನ್ನು ಕಂಡಿದ್ದ ಸಿರುಗುಪ್ಪದ ಸೀಮೆಯು ಈ ನೀರಿನಿಂದ ಭತ್ತದ ಕಣಜವಾಯಿತು. ಕಾಲುವೆಯ ನೀರಿಗೆ ಇಳಿಜಾರೇ ಗತಿಶಕ್ತಿ. ಅದು ಹರಿಯದ ಎತ್ತರದ ಹೊಲಗಳಲ್ಲಿ ಮೊದಲು ಎತ್ತು ಎಳೆಯುವ ಕಪಿಲೆ, ಅನಂತರ ಆಯಿಲ್ ಎಂಜಿನು, ಅದರ ಮೇಲೆ ವಿದ್ಯುತ್ತಿನ ಪಂಪುಸೆಟ್ಟು ಹೀಗೆ ಕ್ರಮವಾಗಿ ಬಂದುವು. ವಾಚಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಇಂದು ರಸ್ತೆಯ ಮೇಲೆ ನಡೆಯುತ್ತಿರುವ ಪರಿವರ್ತನೆಯು ನಮ್ಮ ಹೊಲಗಳಲ್ಲಿ ಹಿಂದೆಯೇ ನಡೆದುಹೋಗಿದೆ. ಆಯಿಲ್ ಎಂಜಿನು ಮೂಲೆ ಸೇರಿದಾಗ ಅದಕ್ಕಾಗಿ ಯಾರೂ ಸಂಘವನ್ನು ಕಟ್ಟಿದಂತೆ ಕಾಣೆವು.

ಹಾಗಾದರೆ ಮೋಟಾರು ವಾಹನಕ್ಕೆ ಮಾತ್ರ ಈ ಮರುಕವೇಕೆ? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಇದಕ್ಕೆ ಒಳ್ಳೆಯ ನಿದರ್ಶನ. ೧೯೬೧ರಿಂದ ಮೋಟಾರುಸೈಕಲುಗಳನ್ನು ತಯಾರಿಸಿದ ಆ ಕಾರ್ಖಾನೆಯು ೧೯೯೬ರಲ್ಲಿ ಮುಚ್ಚಿತು. ಅದರ ಜಾವಾ, ಯೆಜ್ದಿ ಗಾಡಿಗಳನ್ನು ಉಳಿಸಿಕೊಂಡವರು ಇಂದಿಗೂ ಪ್ರತಿವರ್ಷ ಕೂಡಿ ಮೆರವಣಿಗೆ ಹೊರಡುವರು. ಆ ಗಾಡಿಯಲ್ಲಿ ಒದ್ದು ಚಾಲೂ ಮಾಡುವ ಸನ್ನೆಯೇ ಗೇರು ಬದಲಿಸುವ ಸನ್ನೆಯೂ ಆಗಿದ್ದಿತು. ಪೆಟ್ರೋಲಿಗೆ ಎಣ್ಣೆಯನ್ನು ಬೆರೆಸಬೇಕಾಗಿದ್ದಿತು. ಅದರ ಗುಣದೋಷಗಳನ್ನು ಸವಾರನು ಕಲಿತುಕೊಳ್ಳದೆ ಗತ್ಯಂತರವಿರಲಿಲ್ಲ. ವೈದ್ಯನು ನಾಡಿಯನ್ನು ಹಿಡಿದು ರೋಗವನ್ನರಿಯುವಂತೆ ಮೆಕ್ಯಾನಿಕನು ಸದ್ದನ್ನು ಕೇಳಿ ದೋಷವನ್ನರಿಯುತ್ತಿದ್ದನು. ಪಂಪುಸೆಟ್ಟು ಹೊಲದ ಮೂಲೆಯಲ್ಲಿ ನಿಂತ ಆಳು. ವಾಹನವಾದರೋ ಜೊತೆಯಲ್ಲಿ ಪ್ರಯಾಣಮಾಡಿದ ಒಡನಾಡಿ. ಆದುದರಿಂದ ಜನರ ಮರುಕವು ಹೊಗೆಗಾಗಿ ಹುಟ್ಟಿದುದಲ್ಲ, ವಿದ್ಯೆಗಾಗಿ ಹುಟ್ಟಿದುದು ಎಂದು ನಮ್ಮ ಅಭಿಪ್ರಾಯ. ಸರ್ಕಾರವೂ ೨೦೨೧ರಲ್ಲಿ ನಿಯಮವನ್ನು ತಿದ್ದಿ, ೫೦ ವರ್ಷಗಳನ್ನು ಮೀರಿ ಮೂಲರೂಪದಲ್ಲಿ ಉಳಿದ ವಾಹನಗಳಿಗೆ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿದೆ. ಇದರಿಂದ ಗಾಡಿಯು ಉಳಿಯಬಹುದು. ಅದನ್ನು ರಿಪೇರಿಮಾಡುವ ಕೈ ಉಳಿಯುವುದೆಂಬ ಭರವಸೆಯಿಲ್ಲ.

೪

ಇನ್ನು ವಿದ್ಯುತ್ ಕಾರಿನ ವಿಚಾರ. ಯೆಜ್ದಿ ಕಾರ್ಖಾನೆಯು ಮುಚ್ಚಿದ ಐದು ವರ್ಷಗಳೊಳಗೆ, ೨೦೦೧ರಲ್ಲಿ, ಬೆಂಗಳೂರಿನಿಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಹೊರಬಂದಿತು. ಅದು ೨೦೦೪ರಿಂದ ಲಂಡನ್ ನಗರದಲ್ಲಿಯೂ ಮಾರಾಟವಾಯಿತು. ೨೦೧೦ರಲ್ಲಿ ಮಹೀಂದ್ರ ಸಂಸ್ಥೆಯು ಅದರ ಬಹುಪಾಲನ್ನು ಕೊಂಡಿತು. ಭಾರತದ ರಾಜ್ಯಗಳಲ್ಲಿ ವಿದ್ಯುತ್ ವಾಹನಗಳಿಗಾಗಿ ಮೊದಲು ನೀತಿಯನ್ನು ಘೋಷಿಸಿದುದು ಕರ್ನಾಟಕವೇ, ಅದು ೨೦೧೭ರಲ್ಲಿ. ಪೆಟ್ರೋಲಿನ ಉಷ್ಣದಲ್ಲಿ ನೂರಕ್ಕೆ ಇಪ್ಪತ್ತು ಮೂವತ್ತು ಭಾಗ ಮಾತ್ರ ಗಾಲಿಯನ್ನು ಮುಟ್ಟುವುದು, ಉಳಿದುದು ವ್ಯರ್ಥ. ವಿದ್ಯುತ್ ಮೋಟಾರಾದರೋ ತನಗೆ ಬಂದುದರಲ್ಲಿ ಬಹುಭಾಗವನ್ನು ಚಲನೆಯಾಗಿ ಪರಿಣಮಿಸುವುದು. ಇದು ಅಲ್ಲಗಳೆಯಲಾಗದ ಗುಣ.

ಆದರೆ ಆ ವಿದ್ಯುತ್ತು ಎಲ್ಲಿಂದ ಬರುವುದು? ಇಲ್ಲಿ ನಾವು ಮರಳಿ ಕುಡತಿನಿಗೆ ಬರಬೇಕಾಗಿದೆ. ಬೂದಿದಿಬ್ಬದ ಆ ಊರಿನಲ್ಲಿಯೇ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಕೇಂದ್ರವು ಸ್ಥಾಪಿತವಾಗಿದೆ. ೨೦೦೭, ೨೦೧೨, ೨೦೧೬ ಈ ವರ್ಷಗಳಲ್ಲಿ ಕ್ರಮವಾಗಿ ೫೦೦, ೫೦೦, ೭೦೦ ಮೆಗಾವಾಟ್ ಸಾಮರ್ಥ್ಯದ ಮೂರು ಘಟಕಗಳು ಅಲ್ಲಿ ಆರಂಭವಾದುವು. ಭಾರತದ ಕಲ್ಲಿದ್ದಲಿನಲ್ಲಿ ನೂರಕ್ಕೆ ಸುಮಾರು ೩೦ರಿಂದ ೪೫ರಷ್ಟು ಬೂದಿಯೇ ಇರುವುದು. ಪಾವಗಡದ ಸೌರಶಕ್ತಿ, ಜೋಗದ ಜಲಶಕ್ತಿಗಳೂ ನಮ್ಮ ರಾಜ್ಯದ ತಂತಿಗಳಲ್ಲಿ ಹರಿಯುವುದರಿಂದ ಕಾರಿಗೆ ತುಂಬುವ ವಿದ್ಯುತ್ತೆಲ್ಲ ಕಲ್ಲಿದ್ದಲಿನದೆಂದು ಹೇಳಲಾಗದು. ಆದರೂ ಕಲ್ಲಿದ್ದಲಿನಿಂದ ಬರುವ ಪಾಲಿನ ಮಟ್ಟಿಗೆ, ಬೆಂಗಳೂರಿನ ಬೀದಿಯು ನಿರ್ಮಲವಾಗುವುದು, ಬೂದಿಯು ಕುಡತಿನಿಯಲ್ಲಿ ಉಳಿಯುವುದು. ದನಗಾಹಿಯು ತನ್ನ ಬೂದಿಯನ್ನು ತನ್ನ ದೊಡ್ಡಿಯಲ್ಲಿಯೇ ಕಾಣುತ್ತಿದ್ದನು. ಇಂದಿನವನು ಅದನ್ನು ಕಾಣುವುದೇ ಇಲ್ಲ. ಹೊಸ ವಾಹನಗಳನ್ನು ಹೊಗಳುವವರು ಈ ಭೇದವನ್ನು ಮನಸ್ಸಿನಲ್ಲಿಡಬೇಕು.

೫

ಚಾಲಕನೇ ಇಲ್ಲದೆ ನಡೆಯುವ ಕಾರುಗಳೂ ಈಗ ಬಂದಿವೆ. ಅಮೆರಿಕದ ಫೀನಿಕ್ಸ್ ನಗರದಲ್ಲಿ ವೇಮೋ ಸಂಸ್ಥೆಯ ಚಾಲಕರಹಿತ ಟ್ಯಾಕ್ಸಿಯು ೨೦೨೦ರ ಅಕ್ಟೋಬರಿನಲ್ಲಿ ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು. ಬೆಂಗಳೂರಿನ ಮೈನಸ್ ಝೀರೋ ಸಂಸ್ಥೆಯು ೨೦೨೩ರ ಜೂನಿನಲ್ಲಿ ಸ್ಟಿಯರಿಂಗ್ ಚಕ್ರವೇ ಇಲ್ಲದ ಒಂದು ಮಾದರಿಯನ್ನು ಪ್ರದರ್ಶಿಸಿತು.

ಶಬ್ದದ ದೃಷ್ಟಿಯಿಂದ ಇದು ವಿಚಾರಾರ್ಹ. ಯಂತ್ರ ಶಬ್ದವು ನಿಗ್ರಹಾರ್ಥಕವಾದ ಯಮ್ ಧಾತುವಿನಿಂದ ಬಂದುದು. ಅಮರಕೋಶದಲ್ಲಿ ಸಾರಥಿಯ ಪರ್ಯಾಯಗಳಾಗಿ ಹೇಳಿರುವ ಯಂತಾ, ನಿಯಂತಾ ಎಂಬ ಶಬ್ದಗಳೂ ಅದೇ ಧಾತುವಿನವು. ಯಂತ್ರವು ನಿಗ್ರಹಕ್ಕೆ ಸಾಧನ. ಯಂತಾ ನಿಗ್ರಹಿಸುವ ಕರ್ತೃ. ಚಾಲಕರಹಿತವಾದ ಕಾರಿನಲ್ಲಿ ಸಾಧನವೇ ಕರ್ತೃವಿನ ಸ್ಥಾನದಲ್ಲಿ ಕುಳಿತಿದೆ. ಕಠೋಪನಿಷತ್ತಿನ ರಥರೂಪಕದಲ್ಲಿ ಬುದ್ಧಿಯು ಸಾರಥಿ. ರಥದಲ್ಲಿ ಕುಳಿತವನಾದರೋ ಬೇರೆ. ಸಾರಥ್ಯವನ್ನು ಇನ್ನೊಂದಕ್ಕೆ ಒಪ್ಪಿಸಿದ ಮಾತ್ರಕ್ಕೆ ರಥಿಕನ ಹೊಣೆಯು ತಪ್ಪುವುದಿಲ್ಲ. ಕುರುಗೋಡಿನ ತೇರನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಅದಕ್ಕೆ ಎಂಜಿನೂ ಇಲ್ಲ, ಎತ್ತೂ ಇಲ್ಲ. ಹಗ್ಗ ಹಿಡಿದ ನೂರಾರು ಜನರು ಎಳೆಯುವರು. ಆದರೆ ಗಾಲಿಯ ಪಕ್ಕದಲ್ಲಿ ನಡೆಯುತ್ತ, ಸಮಯವರಿತು ಮರದ ಸನ್ನೆಯನ್ನಿಟ್ಟು ತೇರಿನ ದಿಕ್ಕನ್ನು ತಿದ್ದುವವರು ಕೆಲವರೇ. ಅವರ ಕಣ್ಣು ತಪ್ಪಿದರೆ ಅನಾಹುತ. ಈ ವಿದ್ಯೆಯು ಪುಸ್ತಕದಲ್ಲಿಲ್ಲ.

೬

ಪತಂಜಲಿಯ ಮಹಾಭಾಷ್ಯದಲ್ಲಿ, ಅಜ್ ಧಾತುವನ್ನು ಕುರಿತ ಪಾಣಿನಿಯ ಸೂತ್ರವನ್ನು ವಿವರಿಸುವಲ್ಲಿ, ಒಂದು ಸಂವಾದವು ಬರುತ್ತದೆ. ವೈಯಾಕರಣನೊಬ್ಬನು ರಥದ ಪ್ರವೇತಾ ಯಾರೆಂದು ಕೇಳುವನು. ನಾನೇ ಪ್ರಾಜಿತಾ ಎಂದು ಸೂತನು ಉತ್ತರ ಕೊಡುವನು. ಅದು ಅಪಶಬ್ದವೆಂದು ವೈಯಾಕರಣನು ಆಕ್ಷೇಪಿಸಲು, ನಿನಗೆ ಸೂತ್ರದ ಪ್ರಾಪ್ತಿ ತಿಳಿದಿದೆಯೇ ಹೊರತು ಇಷ್ಟವಾದ ಪ್ರಯೋಗ ತಿಳಿಯದೆಂದು ಸೂತನು ಅವನನ್ನೇ ತಿದ್ದುವನು. ಭಾಷ್ಯಕಾರನಂಥ ಮಹಾಪಂಡಿತನು ಗಾಡಿ ಹೊಡೆಯುವವನ ಬಾಯಲ್ಲಿ ವ್ಯಾಕರಣವನ್ನು ಹೇಳಿಸಿರುವುದು ನಮ್ಮಂಥವರಿಗೆ ಪಾಠವಾಗಬೇಕು.

ಮೇಲ್ಕಂಡ ವಿಚಾರಗಳಿಂದ ಸಿದ್ಧಾಂತವಾಗುವುದೇನೆಂದರೆ: ಪ್ರತಿಯೊಂದು ಗತಿಶಕ್ತಿಯೂ ಬೂದಿಯನ್ನೂ ವಿದ್ಯೆಯನ್ನೂ ಹುಟ್ಟಿಸುವುದು. ಇವುಗಳಲ್ಲಿ ಬೂದಿಯು ಯಾರೂ ಕಾಪಾಡದಿದ್ದರೂ ಸಾವಿರಾರು ವರ್ಷ ನಿಲ್ಲುವುದು. ವಿದ್ಯೆಯು ಒಂದು ತಲೆಮಾರಿನಲ್ಲಿ ನಶಿಸುವುದು. ಎಂಜಿನಿಗಾಗಿ ಮರುಗುವವರು ಗಾಡಿಯನ್ನು ಮಾತ್ರ ಉಳಿಸುತ್ತಿರುವರು. ಹೊಸದನ್ನು ಹೊಗಳುವವರು ಬೂದಿಯನ್ನು ಮರೆಯುತ್ತಿರುವರು. ೨೦೧೧ರ ಜುಲೈ ೨೯ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಅದಿರಿನ ಲಾರಿಗಳು ಸಾಲುಸಾಲಾಗಿ ನಿಂತುಹೋದುವು. ನೆಲದ ಲೂಟಿಯನ್ನು ನಿಲ್ಲಿಸಿದ ಆ ಆಜ್ಞೆಯು ನ್ಯಾಯವಾದುದೇ. ಆದರೆ ಆ ಲಾರಿಗಳನ್ನು ನಡೆಯಿಸಿದವರ, ದುರಸ್ತುಮಾಡಿದವರ ಮಾತುಗಳನ್ನು ಇತಿಹಾಸಕಾರರು ಸಂಗ್ರಹಿಸಬೇಕಾದುದು ಇನ್ನೂ ಬಹಳವಿದೆ.

ಆದುದರಿಂದ ಬಳ್ಳಾರಿಯ ಗ್ಯಾರೇಜುಗಳಲ್ಲಿಯೂ, ಸಿರುಗುಪ್ಪದ ಟ್ರಾಕ್ಟರು ರಿಪೇರಿಯ ಅಂಗಡಿಗಳಲ್ಲಿಯೂ, ಕುರುಗೋಡಿನ ತೇರಿಗೆ ಸನ್ನೆ ಹಾಕುವವರಲ್ಲಿಯೂ ಬಳಕೆಯಲ್ಲಿರುವ ಶಬ್ದಗಳನ್ನು, ಅವುಗಳ ಅರ್ಥದೊಡನೆಯೂ ಹೇಳಿದವರ ಕಸುಬಿನ ವಿವರದೊಡನೆಯೂ ಬರೆದಿಟ್ಟುಕೊಳ್ಳುವುದು ಅವಶ್ಯ. ಗಾಡಿ ಎಂಬ ಮಾತು ಎತ್ತಿನದರಿಂದ ಎಂಜಿನಿಗೂ, ಎಂಜಿನಿನಿಂದ ವಿದ್ಯುತ್ತಿನದಕ್ಕೂ ಸಲೀಸಾಗಿ ದಾಟಿದೆ. ಆದರೆ ಕಡಾಣಿ ಎಂದರೇನೆಂದು ಪೇಟೆಯ ಹುಡುಗರಿಗೆ ಈಗ ಬಿಡಿಸಿ ಹೇಳಬೇಕಾಗಿದೆ. ಕಾರ್ಬುರೇಟರಿಗೂ ಅದೇ ಗತಿಯು ಬರಲಿದೆ. ಶಾಸನಗಳ ಪಡಿಯಚ್ಚನ್ನು ತೆಗೆಯುವಷ್ಟೇ ಶ್ರದ್ಧೆಯಿಂದ ತರುಣ ಸಂಶೋಧಕರು ಈ ಕಾರ್ಯವನ್ನು ಕೈಕೊಳ್ಳಬೇಕೆಂದು ವಿಜ್ಞಾಪಿಸುತ್ತೇವೆ. ಕಲ್ಲು ಕಾಯುವುದು, ಮಾತು ಕಾಯದು.