ಬೆಂಗಳೂರಿನ ಕೊಳಾಯಿ, ದೀಪ ಮತ್ತು ಹಿತ್ತಲೋಣಿ

2015ನೆಯ ಇಸವಿಯಲ್ಲಿ ಭಾರತ ಸರ್ಕಾರದವರು ಸ್ಮಾರ್ಟ್ ಸಿಟಿಯೆಂಬ ಯೋಜನೆಯನ್ನು ಪ್ರಾರಂಭಿಸಿ, ಅದಕ್ಕಾಗಿ ನೂರು ಪಟ್ಟಣಗಳನ್ನು ಆರಿಸಿದರು. ಬೆಂಗಳೂರು 2017ರಲ್ಲಿ ಆ ಪಟ್ಟಿಗೆ ಸೇರಿತು. ಹೆಸರು ಹೊಸದು, ಆದರೆ ಯಂತ್ರದ ಬಲದಿಂದ ಪಟ್ಟಣವಾಸವನ್ನು ಹಸನುಮಾಡಬೇಕೆಂಬ ಹಂಬಲವು ಈ ಊರಿಗೆ ಹೊಸದಲ್ಲವೆಂಬುದನ್ನು ವಾಚಕರು ಬಲ್ಲರು.

ಬಹುಕಾಲ ಈ ಊರಿನ ಬಾಯಾರಿಕೆಯನ್ನು ಕೆರೆಬಾವಿಗಳೇ ತಣಿಸುತ್ತಿದ್ದುವು. ಮಳೆ ತಪ್ಪಿದರೆ ಧರ್ಮಾಂಬುಧಿಯೂ ತಳ ತೋರಿಸುತ್ತಿದ್ದಿತು. ದಿವಾನ್ ಕೆ. ಶೇಷಾದ್ರಿ ಅಯ್ಯರವರ ಆಡಳಿತದಲ್ಲಿ, 1896ರಲ್ಲಿ, ಅರ್ಕಾವತಿಯ ನೀರು ಹೆಸರಘಟ್ಟದಿಂದ ಹೊರಟು, ಸೋಲದೇವನಹಳ್ಳಿಯ ಉಗಿಯಂತ್ರಗಳ ಬಲದಿಂದ ಏರಿ ಬಂದು, ಬೀದಿಯ ಕೊಳಾಯಿಗಳಲ್ಲಿ ಸುರಿಯಿತು.

ಎರಡು ವರ್ಷಗಳಲ್ಲಿಯೇ ಪ್ಲೇಗು ಬಂದಿತು. 1898ರ ಆ ಮಾರಿಯು ಕಲಿಸಿದ ಪಾಠಗಳು ಅನೇಕ. ಆರೋಗ್ಯಾಧಿಕಾರಿಯೊಬ್ಬರು ನೇಮಕವಾದರು, ಊರನ್ನು ನಾಲ್ಕು ವಿಭಾಗಗಳಾಗಿ ಹಂಚಲಾಯಿತು, ನಿವಾರಣೆಯ ಕೆಲಸಗಳನ್ನು ಹೊಂದಿಸಿ ನಡೆಸಲೆಂದು ಟೆಲಿಫೋನ್ ತಂತಿಗಳನ್ನು ಎಳೆದರು. ಇಂದು ಗಾಜಿನ ಪರದೆಗಳ ಮುಂದೆ ಕುಳಿತು ಪಟ್ಟಣದ ನಾಡಿಯನ್ನು ಹಿಡಿಯುವವರ ಪೂರ್ವಿಕರು ಆ ತಂತಿಯ ತುದಿಯಲ್ಲಿದ್ದವರೇ ಅಲ್ಲವೆ?

ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳಿಗೆ ಜನ ಸರಿದುಹೋದರು. ಈ ಬಡಾವಣೆಗಳ ಅಂದವನ್ನು ಹೊಗಳುವವರು ಮನೆಗಳ ಹಿಂದಿನ ಕಿರಿದಾದ ಓಣಿಯನ್ನು ಮರೆಯುತ್ತಾರೆ. ಮಲ ಹೊರುವವನು ಮುಂಬಾಗಿಲಿಗೆ ಕಾಣದಂತೆ ಬಂದುಹೋಗಲೆಂದೇ ಆ ದಾರಿ. ನಕ್ಷೆಯು ಜಾಣತನದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಜಾಣತನದ ಹೊರೆಯು ಯಾರ ತಲೆಯ ಮೇಲಿದ್ದಿತೆಂಬುದನ್ನು ಚರಿತ್ರೆ ಬರೆಯುವವರು ಹೇಳದೆ ಬಿಡಲಾಗದು. ಆ ವೃತ್ತಿಯನ್ನು ನಿಷೇಧಿಸುವ ಕೇಂದ್ರದ ಕಾನೂನು ಹುಟ್ಟಿದುದು 1993ರಲ್ಲಿ.

ದೀಪದ ಕಥೆಯೂ ಹೀಗೆಯೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದುದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳು ಬೆಳಗಿದುದು 1905ರ ಆಗಸ್ಟ್ 5ರಂದು. ಹೊನ್ನಿನ ಸರದಿ ಮುಗಿದ ಮೇಲೆ ಜನರ ಸರದಿ!

ಕೊಳಾಯಿ ಬಂದ ಬಳಿಕ ಕೆರೆಗಳ ಮೇಲಿನ ಅಕ್ಕರೆ ಕುಂದಿತು. ಹೆಸರಘಟ್ಟ ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ, ಅದೂ ಸಾಲದೆ 1974ರಲ್ಲಿ ಸುಮಾರು 100 ಕಿಲೋಮೀಟರು ದೂರದಿಂದ ಕಾವೇರಿಯೂ ಒದಗಿ ಬಂದುವು. ಸಂಪಂಗಿ ಕೆರೆಯು ಕ್ರೀಡಾಂಗಣವಾಯಿತು.

2024ರ ಬೇಸಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ, ನಲ್ಲಿಯ ಬಾಯಿಗೆ ನೀರನ್ನು ಮಿತಗೊಳಿಸುವ ಪುಟ್ಟ ಸಾಧನವನ್ನು ಜೋಡಿಸಬೇಕೆಂದು ಜಲಮಂಡಲಿಯವರು ವಾಣಿಜ್ಯ ಕಟ್ಟಡಗಳು ಮೊದಲಾದವುಗಳಿಗೆ ಆಜ್ಞೆಮಾಡಿದರು. ಆ ಬೇಸಗೆಯಲ್ಲಿ ಊರೂರುಗಳಿಂದ ಬಂದ ಪ್ರಯಾಣಿಕರು, ಕೈಯಲ್ಲಿ ನೀರಿನ ಸೀಸೆ ಹಿಡಿದು, ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದಲ್ಲಿ ಇಳಿಯುತ್ತಿದ್ದರು. ಅದು ಧರ್ಮಾಂಬುಧಿಯ ಅಂಗಳ.